ಕೋಟಿ ದಾಟಿದರೂ ತಿಂಗಳು ದಾಟಲಿಲ್ಲ: ಕುವೈತಿನಿಂದ ಬ್ರಹ್ಮಾವರಕ್ಕೆ ಮರಳಿದವರ ಲೆಕ್ಕ

ಕುವೈತಿನಲ್ಲಿ 20 ವರ್ಷ ದುಡಿದು 2025ರ ಜೂನ್‌ನಲ್ಲಿ ಊರಿಗೆ ಬಂದವರೊಬ್ಬರ ಪ್ರಕರಣ ಇದು. ಪ್ರಾಯ 47. ಮನೆ ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ. ಹೆಸರು ಬೇಡ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಊರಲ್ಲಿ ಅವರನ್ನು ಕುವೈತಿನವರು ಅಂತಲೇ ಕರೆಯುವುದು. ಹೆಂಡತಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಅವರು ಎಲ್ಲರಿಗೂ ಟೀಚರ್. ಮಗಳು ಸೆಕೆಂಡ್ ಪಿಯುಸಿ, ಹಾಸ್ಟೆಲ್‌ನಲ್ಲಿದ್ದಾಳೆ. ಮಗ ಏಳನೇ ಕ್ಲಾಸು. ಮನೆಯಲ್ಲಿ 74 ವರ್ಷದ ಅಮ್ಮ.

ಅವರನ್ನು ಕಂಪನಿಯವರು ಕಳಿಸಿದ್ದಲ್ಲ. ತಾವೇ ರಾಜೀನಾಮೆ ಕೊಟ್ಟು ಬಂದದ್ದು. ಅದಕ್ಕೊಂದು ಲೆಕ್ಕ ಇತ್ತು. ವರ್ಷದ ಖರ್ಚಿನ 25 ಪಟ್ಟು ಹಣ ಕೈಯಲ್ಲಿದ್ದರೆ ಮತ್ತೆ ದುಡಿಯಬೇಕಾಗಿಲ್ಲ ಅಂತ ಯೂಟ್ಯೂಬ್‌ನಲ್ಲಿ ನೋಡಿದ್ದರು. ಮನೆ ಖರ್ಚಿಗೆ ಅಂತ ತಿಂಗಳಿಗೆ 35 ಸಾವಿರ ಕಳಿಸುತ್ತಿದ್ದರು. ಅಂದರೆ ವರ್ಷಕ್ಕೆ 4 ಲಕ್ಷ 20 ಸಾವಿರ. ಅದರ 25 ಪಟ್ಟು 1 ಕೋಟಿ 5 ಲಕ್ಷ. ಅವರ ಹತ್ತಿರ ಇದ್ದದ್ದು 1 ಕೋಟಿ 18 ಲಕ್ಷ. ಸಾಕಲ್ಲ ಅಂತ ಟಿಕೆಟ್ ಮಾಡಿಸಿದರು.

ಬಂದು ಒಂದು ತಿಂಗಳಾಗುವಷ್ಟರಲ್ಲಿ ಎಸ್‌ಬಿ ಖಾತೆ ಬರಿದಾಗತೊಡಗಿತು. ಟೀಚರ್‌ಗೆ ನಿದ್ದೆ ಬರಲಿಲ್ಲ. ಇಬ್ಬರೂ ಕಾಗದಪತ್ರ ಹಿಡಿದುಕೊಂಡು ಸಲಹೆ ಕೇಳಲು ನನ್ನ ಹತ್ತಿರ ಬಂದರು.

ಕಾಗದಪತ್ರ ಇದ್ದದ್ದು ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ. ಗಲ್ಫಿನವರ ಮನೆಗಳಲ್ಲಿ ಅದು ಒಂದೋ ಸೂಜಿ-ನೂಲಿನ ಡಬ್ಬಿ, ಇಲ್ಲವೇ ತಿಜೋರಿ. ಇವರದ್ದು ತಿಜೋರಿ. ಮೇಜಿನ ಮೇಲೆ ಒಂದೊಂದಾಗಿ ಹರಡಿದೆವು. ಎರಡು ಬ್ಯಾಂಕುಗಳಲ್ಲಿ ಸೇರಿ 42 ಲಕ್ಷದ ಎನ್‌ಆರ್‌ಇ ಎಫ್‌ಡಿ, ಅಂದರೆ ಹೊರದೇಶದಲ್ಲಿ ದುಡಿದು ಕಳಿಸಿದ ಹಣದ ಠೇವಣಿ. ಕೆಲಸ ಬಿಡುವಾಗ ಕಂಪನಿ ಕೊಟ್ಟ ಇಂಡೆಮ್ನಿಟಿ ಹಣವೂ ಇದರಲ್ಲೇ ಸೇರಿತ್ತು. ಕುವೈತಿನ ಕಾರ್ಮಿಕ ಕಾನೂನಿನಲ್ಲಿ ತಿಂಗಳ ಸಂಬಳದವರಿಗೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳ ಸಂಬಳ, ಒಟ್ಟು ಒಂದೂವರೆ ವರ್ಷದ ಸಂಬಳ ಮೀರದ ಹಾಗೆ ಸಿಗುತ್ತದೆ. 20 ವರ್ಷಕ್ಕೆ ಸುಮಾರು ಹದಿನೇಳೂವರೆ ತಿಂಗಳ ಸಂಬಳ, 17 ಲಕ್ಷದ ಹತ್ತಿರ ಬಂದಿತ್ತು. ಊರಿನ ಪತ್ತಿನ ಸಹಕಾರಿ ಸಂಘವೊಂದರಲ್ಲಿ 18 ಲಕ್ಷ ಡೆಪಾಸಿಟ್. ಮಂಗಳೂರಿನ ಬಿಜೈ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್, ಬ್ರೋಕರ್ ಹೇಳಿದ ಬೆಲೆ 58 ಲಕ್ಷ. ಇಲ್ಲಿಗೆ 1 ಕೋಟಿ 18 ಲಕ್ಷ.

ಲೆಕ್ಕಕ್ಕೆ ಹಿಡಿಯದ್ದೂ ಇತ್ತು. ವಾಸದ ಮನೆ, 30 ಸೆಂಟ್ಸ್ ಜಾಗ, ಸಾಲ ತೀರಿದೆ. ಟೀಚರ್ ಹತ್ತಿರ 40 ಪವನ್, ಅಂದರೆ 320 ಗ್ರಾಂ ಚಿನ್ನ. ಹಿರಿಯಡ್ಕದ ಕಡೆ 12 ಸೆಂಟ್ಸ್ ಜಾಗ. ವಿಮೆಯ ಐದು ಪಾಲಿಸಿ. 2025ರಲ್ಲಿ 10 ಗ್ರಾಂ ಶುದ್ಧ ಚಿನ್ನ 1 ಲಕ್ಷ ದಾಟಿತ್ತು, ಹಾಗಾಗಿ ಆ 40 ಪವನೇ ಹೆಚ್ಚುಕಡಿಮೆ 28–30 ಲಕ್ಷ. ಅದನ್ನೂ ಸೇರಿಸುವುದಾ ಅಂತ ಕೇಳಿದ್ದಕ್ಕೆ ಟೀಚರ್ ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ. ಸರಿಯೇ. ಮಗಳ ಮದುವೆಗೆ ಅಂತ ಇಟ್ಟದ್ದು ಮದುವೆಗೇ ಇರಲಿ, ಆ ಖರ್ಚಾದರೂ ಬೇರೆ ಹುಡುಕಬೇಕಾಗಿಲ್ಲ.

ಆಸ್ತಿ ಪಟ್ಟಿ ಮುಗಿಯಿತು. ಇನ್ನು ಖರ್ಚು. ನನ್ನ ಅನುಭವದಲ್ಲಿ ಗಲ್ಫಿನಿಂದ ಬಂದವರು ಎಡವುವುದು ಇಲ್ಲೇ. ಆಸ್ತಿ ಎಷ್ಟಿದೆ ಅಂತ ನಿದ್ದೆಯಲ್ಲೂ ಹೇಳುತ್ತಾರೆ, ಮನೆಗೆ ಎಷ್ಟು ಬೇಕು ಅಂತ ಗೊತ್ತಿರುವುದಿಲ್ಲ. ತಾವು ಕಳಿಸಿದ್ದೇ ಖರ್ಚು ಅಂದುಕೊಂಡಿರುತ್ತಾರೆ. ಆದರೆ ರಜೆಯಲ್ಲಿ ಬಂದಾಗ ತುಂಬಿದ ಫೀಸು, ಅಲ್ಲಿಂದಲೇ ಕಟ್ಟಿದ ಪ್ರೀಮಿಯಂ, ತಮ್ಮನ ಕೈಯಲ್ಲಿ ಕೊಡಿಸಿದ ವಂತಿಗೆ, ಇದೆಲ್ಲ ಆ 35 ಸಾವಿರದಲ್ಲಿ ಇರುವುದೇ ಇಲ್ಲ.

ಟೀಚರ್ ಹತ್ತಿರ ಒಂದು ಹಳೆ ಡೈರಿ ಇತ್ತು, ಜೊತೆಗೆ ಬ್ಯಾಂಕಿನ ಸ್ಟೇಟ್‌ಮೆಂಟ್. ಹಿಂದಿನ ವರ್ಷದ್ದು ಕೂಡಿಸುತ್ತಾ ಹೋದೆವು. ದಿನಸಿ, ಮೀನು, ಕರೆಂಟು, ಗ್ಯಾಸು, ಫೋನು ಎಲ್ಲ ಸೇರಿ ಆ 4.2 ಲಕ್ಷ. ಮಕ್ಕಳ ಫೀಸು ಮತ್ತು ಹಾಸ್ಟೆಲ್ 1.4 ಲಕ್ಷ. ವಿಮೆ ಪ್ರೀಮಿಯಂ 1.6 ಲಕ್ಷ. ಅಮ್ಮನ ಮದ್ದು 48 ಸಾವಿರ. ಕಾರಿನ ಪೆಟ್ರೋಲು, ಇನ್ಶೂರೆನ್ಸು, ಸರ್ವೀಸು 90 ಸಾವಿರ. ಮಳೆಗಾಲ ಮುಗಿದ ಮೇಲೆ ಪಾಚಿ ತೆಗೆಸಿ ಪೇಂಟ್ ಮಾಡಿಸುವುದು, ಶೀಟು, ಪಂಪು ಅಂತ 40 ಸಾವಿರ. ಕೊನೆಗೆ ಒಂದು ಸಾಲು ಬಾಕಿ ಉಳಿಯಿತು.

"ಮದುವೆ, ನೇಮ, ಬ್ರಹ್ಮಕಲಶ ಎಷ್ಟಾಗಿರಬಹುದು?" ಅಂದೆ.

"ಅದೆಲ್ಲ ಲೆಕ್ಕ ಇಡ್ಲಿಕ್ಕೆ ಉಂಟಾ ಮಾರಾಯ್ರೆ?" ಅಂದರು ಕುವೈತಿನವರು.

ಟೀಚರ್ ಲೆಕ್ಕ ಇಟ್ಟಿದ್ದರು. ಕುಟುಂಬದ ಮನೆಯ ದೈವದ ನೇಮಕ್ಕೆ ಇವರ ಪಾಲು, ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಬರೆಸಿದ ವಂತಿಗೆ, ಯಕ್ಷಗಾನದ ಹರಕೆ ಆಟಕ್ಕೆ ಕೊಟ್ಟದ್ದು, ನಾಲ್ಕೈದು ಹತ್ತಿರದ ಮದುವೆಗೆ ಉಡುಗೊರೆ. ಒಟ್ಟು 1.1 ಲಕ್ಷ. ಗಲ್ಫಿನವರ ಹೆಸರಿನ ಮುಂದೆ ಕಮಿಟಿಯವರು ಬರೆಯುವ ಅಂಕಿಯೇ ಬೇರೆ, ಅದು ಎಲ್ಲರಿಗೂ ಗೊತ್ತು. ಕೆಲಸ ಬಿಟ್ಟ ಮೇಲೂ ಆ ಅಂಕಿ ಕೆಳಗೆ ಇಳಿಯಲು ಒಂದೆರಡು ವರ್ಷ ಬೇಕು.

ಕೂಡಿಸಿದರೆ 10 ಲಕ್ಷ 8 ಸಾವಿರ. ತಿಂಗಳಿಗೆ 84 ಸಾವಿರ. ಅವರದ್ದೇ 25 ಪಟ್ಟಿನ ಲೆಕ್ಕದಲ್ಲಿ ಬೇಕಾದದ್ದು 2 ಕೋಟಿ 52 ಲಕ್ಷ. ಇದ್ದದ್ದು ಅರ್ಧಕ್ಕಿಂತ ಕಡಿಮೆ.

ಆ 25 ಪಟ್ಟಿನ ಬಗ್ಗೆಯೂ ಒಂದು ಮಾತು. ಅದು ಬಂದದ್ದು ಅಮೆರಿಕದಿಂದ. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರ ಅಲ್ಲಿನ ಶೇರು ಮತ್ತು ಸರ್ಕಾರಿ ಬಾಂಡಿನ ಹಳೆಯ ಲೆಕ್ಕ ತೆಗೆದು, ಮೊದಲ ವರ್ಷ ಮೂಲಧನದ 4% ತೆಗೆದು ಆಮೇಲೆ ಬೆಲೆ ಏರಿದಷ್ಟೇ ಏರಿಸುತ್ತಾ ಹೋದರೆ 30 ವರ್ಷ ಹಣ ಬರುತ್ತದೆ ಅಂತ ತೋರಿಸಿದ. 4%ವನ್ನು ತಿರುಗಿಸಿದರೆ 25 ಪಟ್ಟು. ಆದರೆ ಅವನ ಲೆಕ್ಕದಲ್ಲಿ ಅರ್ಧದಷ್ಟು ಹಣ ಶೇರಿನಲ್ಲಿತ್ತು. ಇವರ ಹತ್ತಿರ ಒಂದು ರೂಪಾಯಿಯ ಶೇರೂ ಇಲ್ಲ. 47ಕ್ಕೆ ಕೆಲಸ ಬಿಟ್ಟವರಿಗೆ 30 ವರ್ಷ ಸಾಲದು, 40 ಬೇಕಾಗಬಹುದು. ನಮ್ಮಲ್ಲಿ ಬೆಲೆ ಏರುವ ವೇಗವೂ ಬೇರೆ. ಇನ್ನು ಅವನ ಲೆಕ್ಕದಲ್ಲಿ ಬಿಜೈಯ ಫ್ಲ್ಯಾಟ್ ಅಂತೂ ಇರಲೇ ಇಲ್ಲ.

ಫ್ಲ್ಯಾಟಿನ ವಿಷಯಕ್ಕೇ ಜಾಸ್ತಿ ಹೊತ್ತು ಹೋಯಿತು. ಪ್ರಕರಣದ ಗಂಟು ಇದ್ದದ್ದೇ ಅಲ್ಲಿ.

2015ರಲ್ಲಿ ರಿಜಿಸ್ಟ್ರೇಶನ್ ಎಲ್ಲ ಸೇರಿ 46 ಲಕ್ಷ ಬಿದ್ದಿತ್ತು. ಬಾಡಿಗೆ 15 ಸಾವಿರ, ವರ್ಷಕ್ಕೆ 1.8 ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ಬಾಡಿಗೆದಾರ ಬದಲಾಗುವಾಗ ಸರಾಸರಿ ವರ್ಷಕ್ಕೊಂದು ತಿಂಗಳು ಖಾಲಿ ಬೀಳುತ್ತದೆ, 15 ಸಾವಿರ ಹೋಯಿತು. ಅಸೋಸಿಯೇಶನ್‌ಗೆ ತಿಂಗಳಿಗೆ ಎರಡೂವರೆ ಸಾವಿರ, ಅದನ್ನು ಮಾಲೀಕರೇ ಕಟ್ಟುವ ಮಾತು, ವರ್ಷಕ್ಕೆ 30 ಸಾವಿರ. ಪಾಲಿಕೆಯ ತೆರಿಗೆ 8 ಸಾವಿರ. ಮಂಗಳೂರಿನ ಮಳೆಗೆ ಗೋಡೆ ಒದ್ದೆಯಾಗುವುದು, ಪೇಂಟು, ನಲ್ಲಿ, ಗೀಸರ್ ಅಂತ ಸರಾಸರಿ 20 ಸಾವಿರ. ಉಳಿದದ್ದು 1 ಲಕ್ಷ 7 ಸಾವಿರ. 58 ಲಕ್ಷದ ಆಸ್ತಿಗೆ ವರ್ಷಕ್ಕೆ 2%ವೂ ಇಲ್ಲ.

"ರೇಟು ಏರ್ತದಲ್ಲ?" ಅಂದರು.

ಏರಿದೆ. ಹತ್ತು ವರ್ಷದಲ್ಲಿ 46ರಿಂದ 58. ವರ್ಷಕ್ಕೆ ಎರಡೂಕಾಲು ಪರ್ಸೆಂಟಿನ ಹತ್ತಿರ. ಬಾಡಿಗೆ ಮತ್ತು ಏರಿಕೆ ಎರಡನ್ನೂ ಸೇರಿಸಿದರೂ ಎಫ್‌ಡಿಗಿಂತ ಕಡಿಮೆ. ಮಂಗಳೂರಿನಲ್ಲಿ ಜಾಗದ ಬೆಲೆ ಏರುತ್ತದೆ, ಅದು ಸುಳ್ಳಲ್ಲ. ಆದರೆ ಹತ್ತು ವರ್ಷ ಹಳೆಯ ಫ್ಲ್ಯಾಟಿನಲ್ಲಿ ಜಾಗದ ಪಾಲು ಎಷ್ಟು? ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿರುವಾಗ ಹಳೆಯದಕ್ಕೆ ಕೇಳುವವರು ಯಾರು?

ಕುವೈತಿನವರು ಲೆಕ್ಕಕ್ಕೆ ಒಪ್ಪಿದರು. ಮಾರಲು ಒಪ್ಪಲಿಲ್ಲ. ನಮ್ಮ ಕಡೆ ಮನೆ ಮಾರಿದ ಅಂದರೆ ಬಿದ್ದ ಅಂತಲೇ ಅರ್ಥ. ಮಗಳಿಗೆ ನಾಳೆ ಸಂಬಂಧ ನೋಡುವಾಗ "ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ಉಂಟು" ಅನ್ನುವ ಮಾತಿಗೆ ತೂಕ ಇದೆ. ಮಾರಿದರೆ, ಕುವೈತಿನಿಂದ ಬರಿಗೈಯಲ್ಲಿ ಬಂದಿದ್ದಾರೆ ಅಂತ ಊರೆಲ್ಲ ಮಾತು. ಇದನ್ನು ನಾನು ಸಣ್ಣ ವಿಷಯ ಅನ್ನಲಾರೆ. ಮರ್ಯಾದೆಗೂ ಬೆಲೆ ಇದೆ, ಆದರೆ ಎಷ್ಟು ಅಂತ ಗೊತ್ತಿರಬೇಕು. ಅದೇ 58 ಲಕ್ಷ 7%ಕ್ಕೆ ಇಟ್ಟರೆ ವರ್ಷಕ್ಕೆ 4 ಲಕ್ಷ 6 ಸಾವಿರ. ಬಾಡಿಗೆಯಲ್ಲಿ ಉಳಿಯುವುದು 1 ಲಕ್ಷ 7 ಸಾವಿರ. ಆ ಒಂದು ಮಾತಿಗಾಗಿ ಅವರು ವರ್ಷಕ್ಕೆ ಮೂರು ಲಕ್ಷ ಕಟ್ಟುತ್ತಿದ್ದರು.

ಒಪ್ಪಿಸಿದ್ದು ನಾನಲ್ಲ, ಟೀಚರ್. "ನೀವು ಇನ್ನು ಮೂರು ವರ್ಷ ಕುವೈತಿಗೆ ಹೋಗ್ತೀರಾ, ಫ್ಲ್ಯಾಟ್ ಕೊಡ್ತೀರಾ, ಎರಡರಲ್ಲಿ ಒಂದು ಹೇಳಿ" ಅಂದರು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬ್ರೋಕರ್ ನಂಬರ್ ಹುಡುಕಿದರು.

ಇಲ್ಲೊಂದು ತೆರಿಗೆಯ ಸಂಗತಿ ಇದೆ, ಗಲ್ಫಿನವರು ಸಾಮಾನ್ಯವಾಗಿ ಇದನ್ನು ಗಮನಿಸುವುದಿಲ್ಲ. 2024ರ ಜುಲೈ 23ರಿಂದ ಮನೆ, ಜಾಗ ಮಾರಿದ ಲಾಭಕ್ಕೆ 12.5% ತೆರಿಗೆ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆದರೆ ಆ ದಿನಕ್ಕಿಂತ ಮೊದಲು ಕೊಂಡ ಆಸ್ತಿಗೆ ಹಳೆಯ ಕ್ರಮದಲ್ಲಿ, ಹೊಂದಾಣಿಕೆ ಮಾಡಿ 20%ದಲ್ಲಿ, ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಈ ಆಯ್ಕೆ ಇರುವುದು ರೆಸಿಡೆಂಟ್, ಅಂದರೆ ತೆರಿಗೆಯ ಲೆಕ್ಕದಲ್ಲಿ ಇಲ್ಲಿನ ನಿವಾಸಿ, ಆದವರಿಗೆ ಮಾತ್ರ. ಎನ್‌ಆರ್‌ಐಗೆ ಇಲ್ಲ. ಇವರು ಜೂನ್‌ನಲ್ಲೇ ಬಂದದ್ದರಿಂದ ಆ ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿರುವುದು ಖಚಿತ, ಹಾಗಾಗಿ ರೆಸಿಡೆಂಟ್. 2015–16ರ ಹಣದುಬ್ಬರ ಸೂಚ್ಯಂಕ 254, 2025–26ರದ್ದು 376. ಆ ಪ್ರಕಾರ 46 ಲಕ್ಷ ಇವತ್ತಿಗೆ 68 ಲಕ್ಷ ಆಗುತ್ತದೆ. ಫ್ಲ್ಯಾಟ್ ಹೋದದ್ದು 56ಕ್ಕೆ. ತೆರಿಗೆ ಸೊನ್ನೆ. ಇದನ್ನೇ ಹಿಂದಿನ ರಜೆಯಲ್ಲಿ ಬಂದು ಮಾರಿದ್ದರೆ 10 ಲಕ್ಷ ಲಾಭಕ್ಕೆ ಒಂದೂಕಾಲು ಲಕ್ಷ ತೆರಿಗೆ. ಮೇಲಿಂದ, ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಸರ್ಟಿಫಿಕೇಟ್ ತೆಗೆದಿರದಿದ್ದರೆ ಕೊಂಡವರು ಟಿಡಿಎಸ್ ಅಂತ 7 ಲಕ್ಷಕ್ಕೂ ಜಾಸ್ತಿ ಹಿಡಿದಿಟ್ಟುಕೊಳ್ಳಬೇಕಾಗುತ್ತಿತ್ತು. ರೆಸಿಡೆಂಟ್‌ಗೆ 1%, ಅಂದರೆ 56 ಸಾವಿರ, ಅದೂ ರಿಟರ್ನ್ ಹಾಕಿದರೆ ವಾಪಸ್. ಡಿಸೆಂಬರ್ ಕೊನೆಯಲ್ಲಿ ರಿಜಿಸ್ಟ್ರಿ ಆಯಿತು. ಬ್ರೋಕರ್‌ದ್ದೆಲ್ಲ ಕಳೆದು ಕೈಗೆ ಬಂದದ್ದು ಸುಮಾರು 55 ಲಕ್ಷ.

ಸಂಘದ 18 ಲಕ್ಷ ಇನ್ನೊಂದು ತಲೆನೋವು. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, 9%. ನಿರ್ದೇಶಕರಲ್ಲಿ ಒಬ್ಬರು ಸಂಬಂಧಿಕರು. ನಂಬಿಕೆಗೆ ಇಷ್ಟು ಸಾಕಿತ್ತು. ಸಂಘ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅದರ ಬ್ಯಾಲೆನ್ಸ್ ಶೀಟ್ ನೋಡಿದೆ, ಎದ್ದು ಕಾಣುವ ತೊಂದರೆ ಇರಲಿಲ್ಲ. ಆದರೆ ಬ್ಯಾಂಕಿನ ಠೇವಣಿಗೆ ಡಿಐಸಿಜಿಸಿ ಎಂಬ ಆರ್‌ಬಿಐ ಸಂಸ್ಥೆಯ ವಿಮೆ ಇದೆ, 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ. ಸಹಕಾರಿ ಬ್ಯಾಂಕಿಗೂ ಅದು ಉಂಟು. ಪತ್ತಿನ ಸಂಘಕ್ಕೆ, ಸೌಹಾರ್ದ ಪತ್ತಿನ ಸಹಕಾರಿಗೆ ಇಲ್ಲ. ಬೋರ್ಡಿನಲ್ಲಿ ಸಹಕಾರಿ ಅಂತ ಇದ್ದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ಸಂಬಂಧಿಕರಿಗೆ ಬೇಸರ ಆಗದ ಹಾಗೆ, ಅವಧಿ ಮುಗಿದ ಹಾಗೆ ಮಗಳ ಫೀಸಿನ ಹೆಸರು ಹೇಳಿ ತೆಗೆಯುತ್ತಾ ಬಂದರು. 12 ಲಕ್ಷ ಬಂದಿದೆ. 6 ಲಕ್ಷ 2026ರ ಜೂನ್‌ಗೆ.

ಒಂದು ಮಾತು ಇಲ್ಲಿ ಹೇಳಬೇಕು ಅನಿಸುತ್ತದೆ. ಉಳಿತಾಯದಲ್ಲಿ ನಮ್ಮ ಕರಾವಳಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟ್‌ನವರು ಪಿಗ್ಮಿ ಶುರು ಮಾಡಿ ದಿನಕ್ಕೆ ಎರಡಾಣೆಯ ಹಾಗೆ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿದರು. ಕೂಡಿಡುವುದು ರಕ್ತದಲ್ಲೇ ಬಂದಿದೆ. ಕೂಡಿಟ್ಟದ್ದನ್ನು ತಿಂಗಳ ಸಂಬಳದ ಹಾಗೆ ತೆಗೆದು ತಿನ್ನುವುದು ಮಾತ್ರ ಯಾರಿಗೂ ರೂಢಿಯಿಲ್ಲ. ಎಫ್‌ಡಿ ಮುರಿಯುವುದು ಅಂದರೆ ಏನೋ ಅನಾಹುತ ಆಗಿದೆ ಅಂತಲೇ ಲೆಕ್ಕ.

ಈ ನಡುವೆ ಭಾವನ ಪ್ರವೇಶ ಆಯಿತು. ಮಲ್ಪೆಯಲ್ಲಿ ಟ್ರಾಲ್ ಬೋಟಿನಲ್ಲಿ ಪಾಲು, 15 ಲಕ್ಷ ಹಾಕಿದರೆ ಕೂತಲ್ಲೇ ಹಣ ಬರುತ್ತದೆ ಅಂತ. ಊರಿಗೆ ಬಂದ ಪ್ರತಿ ಗಲ್ಫಿನವರಿಗೂ ಇಂಥ ಒಬ್ಬ ಭಾವ ಇರುತ್ತಾರೆ. ಮೀನುಗಾರಿಕೆ ಒಳ್ಳೆಯ ಕಸುಬೇ, ಅದರಲ್ಲಿ ಬೆಳೆದವರೂ ಬಹಳ ಜನ ಇದ್ದಾರೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ, ಡೀಸೆಲ್, ಬಲೆ, ಎಂಜಿನ್, ಕಲಾಸಿಗಳ (ಬೋಟಿನ ಕೆಲಸಗಾರರ) ಮುಂಗಡ. ಸಮುದ್ರದ ಗಂಧಗಾಳಿ ಇಲ್ಲದವರು ದಡದಲ್ಲಿ ಕೂತು ಮಾಡುವ ವ್ಯಾಪಾರ ಅಲ್ಲ. ಹಿಂದಿನ ಮೂರು ವರ್ಷದ ಲೆಕ್ಕಪುಸ್ತಕ ತರಲು ಹೇಳಿ ಅಂದೆ. ಪುಸ್ತಕ ಬರಲಿಲ್ಲ. ಭಾವನೂ ಬರಲಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಿದ್ದು ಆರೋಗ್ಯ ವಿಮೆ. ಕುವೈತಿನ ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗಿತ್ತು. "ಮಣಿಪಾಲದ ಕಾರ್ಡ್ ಉಂಟಲ್ಲ" ಅಂದರು. ಅದು ರಿಯಾಯಿತಿ ಕಾರ್ಡ್, ವಿಮೆಯಲ್ಲ. ನಾಲ್ಕು ಜನರಿಗೆ ಸೇರಿ 10 ಲಕ್ಷದ ಪಾಲಿಸಿ, ಪ್ರೀಮಿಯಂ 45 ಸಾವಿರ. ಜುಲೈಯಲ್ಲೇ ಮಾಡಿಸಿದೆವು, ಇಂಥ ಪಾಲಿಸಿಗೆ ಜಿಎಸ್‌ಟಿ ತೆಗೆದದ್ದು ಆಮೇಲೆ, 2025ರ ಸೆಪ್ಟೆಂಬರ್ 22ರಿಂದ. ಅವರು ಬಿಪಿ ಮಾತ್ರೆ ತಿನ್ನುತ್ತಾರೆ. ಫಾರ್ಮಿನಲ್ಲಿ ಅದನ್ನು ಬರೆಯುವುದು ಬೇಡ ಅಂತ ಏಜೆಂಟ್ ಹೇಳಿದ್ದರಂತೆ. ಬರೆಸಿದೆ. ಮೊದಲೇ ಇರುವ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಬೇಕು, ಅಷ್ಟೇ. ಮುಚ್ಚಿಟ್ಟು ಕ್ಲೇಮ್ ದಿನ ಸಿಕ್ಕಿಬೀಳುವುದಕ್ಕಿಂತ ಅದು ವಾಸಿ. ಅಮ್ಮನಿಗೆ ಪಾಲಿಸಿ ಕೈಗೆಟಕಲಿಲ್ಲ, ಅದಕ್ಕೆ ಮೀಸಲು ಹಣವೇ ಗತಿ.

ಹಳೆಯ ಐದು ಪಾಲಿಸಿಗಳಲ್ಲಿ ಎರಡು 2027, 2028ಕ್ಕೆ ಮುಗಿಯುತ್ತವೆ, ಅವು ಇರಲಿ. ಉಳಿದ ಮೂರಕ್ಕೆ ಪ್ರೀಮಿಯಂ ನಿಲ್ಲಿಸಿ ಪೇಡ್-ಅಪ್ ಮಾಡಿದೆವು, ಅಂದರೆ ಕಟ್ಟಿದಷ್ಟಕ್ಕೆ ಪಾಲಿಸಿ ಉಳಿಯುತ್ತದೆ. ವರ್ಷಕ್ಕೆ 90 ಸಾವಿರ ಉಳಿಯಿತು.

ಅಮ್ಮನ ಹೆಸರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಸ್ವಲ್ಪ ಹಾಕಿದರೆ 8.2% ಬಡ್ಡಿ ಬರುತ್ತಿತ್ತು. ಟೀಚರ್ ಬೇಡ ಅಂದರು. ನಾಮಿನಿ ಯಾರೇ ಇರಲಿ, ಅಮ್ಮನ ಕಾಲಾನಂತರ ಅದು ಎಲ್ಲ ಮಕ್ಕಳಿಗೂ ಸೇರುವ ಹಣ, ಅಣ್ಣ ತಮ್ಮಂದಿರ ನಡುವೆ ಯಾಕೆ ಸುಮ್ನೆ ಮನಸ್ತಾಪ ಅಂತ. ಒಪ್ಪಿದೆ.

ಈಗ ಹಣ ಹೀಗಿದೆ. ಒಟ್ಟು 1 ಕೋಟಿ 15 ಲಕ್ಷ. ಎನ್‌ಆರ್‌ಇ ಖಾತೆಗಳನ್ನು ಬ್ಯಾಂಕಿಗೆ ತಿಳಿಸಿ ಸಾಮಾನ್ಯ ಖಾತೆ ಮಾಡಿಸಿದ್ದಾರೆ. ಬಡ್ಡಿಗೆ ಇನ್ನು ತೆರಿಗೆ ವಿನಾಯಿತಿ ಇಲ್ಲ, ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ರೆಸಿಡೆಂಟ್‌ಗಳಿಗೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ಇವರಿಗೆ ವ್ಯತ್ಯಾಸ ಆಗಲಿಲ್ಲ. 10 ಲಕ್ಷ ಒಂದು ವರ್ಷದ ಮೀಸಲು, ಎಫ್‌ಡಿಯಲ್ಲಿ. 15 ಲಕ್ಷ ಮಗಳ ಓದಿಗೆ, ಸಂಘದಲ್ಲಿ ಬಾಕಿ ಇರುವ 6 ಲಕ್ಷವೂ ಇದರಲ್ಲೇ. 45 ಲಕ್ಷ ಆರ್‌ಬಿಐನ ಫ್ಲೋಟಿಂಗ್ ರೇಟ್ (ಬಡ್ಡಿ ದರ ಬದಲಾಗುತ್ತಾ ಹೋಗುವ) ಬಾಂಡ್, 7 ವರ್ಷದ ಅವಧಿ, ಹಾಕಿದಾಗ ಬಡ್ಡಿ 8.05%, ಜನವರಿ 1 ಮತ್ತು ಜುಲೈ 1ಕ್ಕೆ ಖಾತೆಗೆ ಬರುತ್ತದೆ. ವರ್ಷಕ್ಕೆ 3 ಲಕ್ಷ 62 ಸಾವಿರ. ಉಳಿದ 45 ಲಕ್ಷ, ಬೇಕಾದಾಗ ತೆಗೆಯಬಹುದಾದ ಲಿಕ್ವಿಡ್ ಫಂಡಿನಿಂದ ತಿಂಗಳಿಗೆ ಎರಡೂವರೆ ಲಕ್ಷದ ಹಾಗೆ, ಶೇರು ಸೂಚ್ಯಂಕದ ಜೊತೆ ಸಾಗುವ ಇಂಡೆಕ್ಸ್ ಫಂಡಿಗೂ ಶೇರು-ಬಾಂಡು ಎರಡೂ ಇರುವ ಹೈಬ್ರಿಡ್ ಫಂಡಿಗೂ ಹೋಗುತ್ತದೆ. ಒಂದೇ ಸಲ ಹಾಕಲು ಅವರಿಗೆ ಧೈರ್ಯ ಇರಲಿಲ್ಲ. 2008ರಲ್ಲಿ ಸೆನ್ಸೆಕ್ಸ್ 21 ಸಾವಿರದಿಂದ ಬಿದ್ದು, ಮುಂದಿನ ಮಾರ್ಚ್ ಹೊತ್ತಿಗೆ 8 ಸಾವಿರದ ಹತ್ತಿರ ಬಂದಾಗ ಕುವೈತಿನ ರೂಮಿನಲ್ಲಿ ಜೊತೆಗಿದ್ದವರೊಬ್ಬರು ಊಟ ಬಿಟ್ಟಿದ್ದನ್ನು ಕಂಡವರು. ಆ ಹೆದರಿಕೆಗೆ ಮರ್ಯಾದೆ ಕೊಟ್ಟೇ ಕಂತು ಮಾಡಿದ್ದು.

ಹಾಗಾದರೆ ಅವರು ದುಡಿಯದೆ ಬದುಕಬಹುದಾ? ಇಲ್ಲ. ಹಳೆ ಪ್ರೀಮಿಯಂ ಉಳಿದು, ಆರೋಗ್ಯ ವಿಮೆ ಸೇರಿ, ಮಗಳ ಖರ್ಚು ಬೇರೆ ಗಂಟಿಗೆ ಹೋದ ಮೇಲೆ ವರ್ಷದ ಖರ್ಚು 8.7 ಲಕ್ಷದ ಹತ್ತಿರ. ಬಾಂಡಿನ ಬಡ್ಡಿ, ಮೀಸಲಿನ ಬಡ್ಡಿ, ಟೀಚರ್ ಸಂಬಳ ಎಲ್ಲ ಸೇರಿ 6.9 ಲಕ್ಷ. ವರ್ಷಕ್ಕೆ 1.8 ಲಕ್ಷ ಕಡಿಮೆ. ಫಂಡಿನಿಂದ ಈಗಲೇ ತೆಗೆಯಲು ಶುರು ಮಾಡಿದರೆ ಅದು ಬೆಳೆಯುವುದಿಲ್ಲ, ಅದು ಬೆಳೆಯದಿದ್ದರೆ 60ರ ನಂತರ ಕಷ್ಟ. ಇದನ್ನು ಕೇಳಿ ಅವರ ಮುಖ ಸಣ್ಣದಾಯಿತು. 20 ವರ್ಷ ಮರಳುಗಾಡಿನಲ್ಲಿ ದುಡಿದವರಿಗೆ ಇದನ್ನು ಹೇಳುವುದು ನನಗೂ ಹಿತವಾಗಿರಲಿಲ್ಲ.

ಈಗ ಅವರು ಮಣಿಪಾಲದ ದೊಡ್ಡ ಅಪಾರ್ಟ್‌ಮೆಂಟ್ ಒಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ. ಸಂಬಳ 28 ಸಾವಿರ, ಕುವೈತಿನ ಮೂರನೇ ಒಂದು ಪಾಲೂ ಇಲ್ಲ. ಜನರೇಟರ್, ಪಂಪು, ಲಿಫ್ಟು ಎಲ್ಲ ಕೈಗೆ ಪಳಗಿದ ಕೆಲಸ. ಸಂಜೆ ಆರಕ್ಕೆ ಮನೆ. ವರ್ಷಕ್ಕೆ ಕೊರತೆ ತುಂಬಿ ಒಂದೂವರೆ ಲಕ್ಷ ಉಳಿಯುತ್ತದೆ, ಫಂಡನ್ನು ಮುಟ್ಟಬೇಕಾಗಿಲ್ಲ. ಹೀಗೆ 55ರವರೆಗೆ ಸಾಗಿದರೆ ಆಮೇಲೆ ಕೆಲಸ ಬೇಕಾ ಬೇಡವಾ ಅಂತ ಮತ್ತೆ ಕೂತು ನೋಡಬಹುದು. ಅಸೋಸಿಯೇಶನ್‌ನವರ ಜೊತೆ ಜಗಳ ಆದ ದಿನ ಮಾತ್ರ "ನಾಳೆಯೇ ಬಿಡ್ತೇನೆ" ಅನ್ನುತ್ತಾರಂತೆ. ಬಿಟ್ಟರೂ ವರ್ಷ ದಾಟುವಷ್ಟು ಮೀಸಲು ಇದೆ ಅಂತ ಟೀಚರ್‌ಗೆ ಗೊತ್ತಿದೆ, ಅದಕ್ಕೇ ಸುಮ್ಮನಿರುತ್ತಾರೆ.

ಬಾಕಿ ಇರುವುದು ಹಿರಿಯಡ್ಕದ 12 ಸೆಂಟ್ಸ್. ಬಾಡಿಗೆ ಇಲ್ಲ, ಬೆಳೆ ಇಲ್ಲ, ವರ್ಷಕ್ಕೊಮ್ಮೆ ಪೊದೆ ಕಡಿಸುವ ಖರ್ಚು ಮಾತ್ರ. ಮಾರಲು ಈ ಸಲ ಅವರೇ ಮುಂದಾಗಿದ್ದಾರೆ. ಆದರೆ ಅದು ದೊಡ್ಡ ಸರ್ವೆ ನಂಬರಿನ ಒಂದು ಭಾಗ, ಆ ಭಾಗವನ್ನು ಅಳೆದು ಬಿಡಿಸಿ ತೋರಿಸುವ 11ಇ ನಕ್ಷೆ ಬೇಕು. ಅರ್ಜಿ ಹಾಕಿ ಆಗಿದೆ. ಸರ್ವೇಯರ್ ಇನ್ನೂ ಬಂದಿಲ್ಲ.